ನಾಟಾ ಒಬ್ಬನಿಗೆ, ಹೂಳು ಎಲ್ಲರಿಗೆ

ಮಲೆನಾಡಿನ ಗುಡ್ಡದಿಂದ ದಿಮ್ಮಿ ಇಳಿಯುವುದು ಲಾರಿಯಲ್ಲಿ. ಮಣ್ಣು ಇಳಿಯುವುದು ಹಳ್ಳದಲ್ಲಿ. ದಿಮ್ಮಿಗೆ ಅಳತೆಯಿದೆ, ಪರ್ಮಿಟ್ಟಿದೆ, ಹರಾಜಿನ ಬೆಲೆಯಿದೆ. ಮಣ್ಣಿಗೆ ಯಾವುದೂ ಇಲ್ಲ. ಲೆಕ್ಕಕ್ಕೆ ಬಾರದ ಈ ನಷ್ಟದ ಬಗ್ಗೆ ಎರಡು ಮಾತು ಹೇಳಬೇಕಾಗಿದೆ.

ಕಾರ್ಯಯೋಜನೆಯ ಹೊರತು ಕಾಡು ಕಡಿಯಕೂಡದೆಂದು ಸುಪ್ರೀಂ ಕೋರ್ಟು 1996ರ ಡಿಸೆಂಬರಿನಲ್ಲಿ ಆಜ್ಞೆ ಮಾಡಿತು. ಆದರೆ ಅಕೇಶಿಯಾ, ನೀಲಗಿರಿ ನೆಡುತೋಪುಗಳ ಕಟಾವು ನಿಂತಿಲ್ಲ. ಹಿಂದೆ ಆನೆಗಳು ಎಳೆಯುತ್ತಿದ್ದ ನಾಟಾವನ್ನು ಈಗ ಯಂತ್ರಗಳು ಎಳೆಯುತ್ತವೆ.

ಯಂತ್ರವೇ ಬೇಡವೆನ್ನುವವರು ನಾವಲ್ಲ. ದಿಮ್ಮಿ ಹೊತ್ತು ಸೊಂಟ ಮುರಿದುಕೊಳ್ಳುವ ಕಾಲ ಮರಳಿ ಬರಲೆಂದು ಯಾವ ಕಾರ್ಮಿಕನೂ ಬಯಸಲಾರ. ಆ ಯಂತ್ರ ಯಾರ ಅಪ್ಪಣೆಯಂತೆ, ಯಾವಾಗ, ಎಲ್ಲಿ ಓಡುತ್ತದೆ ಎಂಬುದೇ ನಮ್ಮ ಪ್ರಶ್ನೆ.

ಮಣ್ಣಿನಲ್ಲಿ ಗಾಳಿಯಾಡುವ, ನೀರಿಂಗುವ ಸಣ್ಣ ರಂಧ್ರಗಳಿವೆ. ಭಾರದ ಗಾಡಿ ಹರಿದರೆ ಅವು ಮುಚ್ಚಿಹೋಗುತ್ತವೆ. ಒದ್ದೆ ನೆಲದಲ್ಲಿ ಈ ಹಾನಿ ಹೆಚ್ಚು; ಅದರ ಬಹುಪಾಲು ಮೊದಲ ಕೆಲವು ಓಡಾಟಗಳಲ್ಲೇ ಆಗಿಬಿಡುತ್ತದೆ. ಆದುದರಿಂದ ಹತ್ತು ಕಡೆ ಒಮ್ಮೊಮ್ಮೆ ಓಡಾಡುವುದಕ್ಕಿಂತ ಒಂದೇ ದಾರಿಯಲ್ಲಿ ಹತ್ತು ಸಲ ಓಡಾಡುವುದು ಮೇಲು. ಇಳಿಜಾರಿನಲ್ಲಿ ಗಾಲಿಯ ಜಾಡೇ ಮಳೆಗಾಲದ ಕಾಲುವೆ. ಮರುವರ್ಷ ಅದೇ ಕೊರಕಲು. ವರ್ಷಕ್ಕೆ 7000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆಯಂಥ ಸೀಮೆಯಲ್ಲಿ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದು ಮಲೆನಾಡಿನವರ ಗೋಳು, ನಮಗೇನು ಎಂದು ಬಯಲುಸೀಮೆಯ ಪೇಟೆಯವರು ಕೇಳಬಹುದು. ತುಂಗೆ, ಭದ್ರೆಯರು ಹುಟ್ಟುವುದು ಆ ಗುಡ್ಡಗಳಲ್ಲಿಯೇ. ತುಂಗಭದ್ರಾ ಜಲಾಶಯ 1953ರಲ್ಲಿ 133 ಟಿಎಂಸಿ ನೀರು ಹಿಡಿಯುತ್ತಿತ್ತು. ಈಗ ಹಿಡಿಯುವುದು ಸುಮಾರು 105. ಆ ಹೂಳಿಗೆ ಗಣಿ, ಹೊಲ, ರಸ್ತೆ ಎಲ್ಲವೂ ಕಾರಣ. ಗುಡ್ಡದ ಜಾಡುಗಳಿಂದ ತೊಳೆದು ಬಂದ ಮಣ್ಣೂ ಅದಕ್ಕೆ ಸೇರುತ್ತದೆ. ನೀರು ಕಡಿಮೆಯಾದರೆ ಬೆಳೆ ಕಡಿಮೆ. ಬೆಳೆ ಕಡಿಮೆಯಾದರೆ ಗಿರಣಿಗೆ ಭತ್ತವಿಲ್ಲ, ಅಂಗಡಿಗೆ ಗಿರಾಕಿಯಿಲ್ಲ.

ಉಪಾಯಗಳು ಗೊತ್ತಿಲ್ಲದವೇನೂ ಅಲ್ಲ. ಸ್ವೀಡನ್, ಫಿನ್ಲೆಂಡ್‌ಗಳಲ್ಲಿ ಜೌಗು ನೆಲದ ಮರವನ್ನು ನೆಲ ಹೆಪ್ಪುಗಟ್ಟುವ ಚಳಿಗಾಲಕ್ಕೆ ಕಾದಿರಿಸುತ್ತಾರೆ. ದಾರಿಗೆ ರೆಂಬೆ ಹಾಸಿ ಅದರ ಮೇಲೆ ಗಾಡಿ ಓಡಿಸುತ್ತಾರೆ. ಆಸ್ಟ್ರಿಯದ ಕಡಿದಾದ ಬೆಟ್ಟಗಳಲ್ಲಿ ಉಕ್ಕಿನ ಹಗ್ಗಕ್ಕೆ ತೂಗುಹಾಕಿ ದಿಮ್ಮಿ ಸಾಗಿಸುತ್ತಾರೆ. ನಮ್ಮಲ್ಲಿ ಹಿಮವಿಲ್ಲ, ಆದರೆ ಮಳೆ ನಿಂತ ಮೇಲೆ ತಿಂಗಳುಗಟ್ಟಲೆ ಒಣ ನೆಲವಿದೆ.

ಉಪಾಯವಿದ್ದೂ ಅದು ನಡೆಯದಿರುವುದೇಕೆ? ಟನ್ನಿಗಿಷ್ಟೆಂದು ಗುತ್ತಿಗೆ ಕೊಟ್ಟು ಗಡುವು ಹಾಕಿದಲ್ಲಿ, ಮಳೆಯೆಂದು ಗಾಡಿ ನಿಲ್ಲಿಸಿದ ಚಾಲಕನಿಗೆ ಅಂದಿನ ಕೂಲಿ ಹೋಯಿತು. ಸಂಜೆ ಮನೆಯಲ್ಲಿ ಒಲೆ ಉರಿಯಬೇಕಾದವನಿಗೆ ಮಣ್ಣು ಉಳಿಸೆಂದು ಬೋಧಿಸುವುದು ಸುಲಭ. ಉಳಿಸುವ ಖರ್ಚನ್ನು ಲಾಭ ಪಡೆಯುವವನು ಕೊಡಬೇಕು.

ಆದುದರಿಂದ ನಾವು ಒತ್ತಾಯಿಸುವುದಿಷ್ಟು. ಮಳೆಗಾಲದಲ್ಲಿ ಇಳಿಜಾರಿಗೆ ಭಾರದ ಯಂತ್ರ ಇಳಿಸಕೂಡದು. ಗಾಡಿಯ ದಾರಿಯನ್ನು ಮೊದಲೇ ಗುರುತು ಮಾಡಬೇಕು; ಹಳ್ಳದ ದಂಡೆಯನ್ನು ಮುಟ್ಟಕೂಡದು. ಕೆಲಸ ಮುಗಿದೊಡನೆ ಜಾಡಿಗೆ ಅಡ್ಡಬದು ಹಾಕಿ ನೀರನ್ನು ಪಕ್ಕಕ್ಕೆ ತಿರುಗಿಸಬೇಕು. ಅದು ಆಗುವವರೆಗೆ ಗುತ್ತಿಗೆದಾರನ ಠೇವಣಿ ಹಿಂದಿರುಗಿಸಬಾರದು. ನೆಲ ಒದ್ದೆಯೆಂದು ಕೆಲಸ ನಿಂತ ದಿನದ ಕೂಲಿಯನ್ನು ಕಾರ್ಮಿಕರಿಗೆ ಕೊಡಲೇಬೇಕು. ಇವೆಲ್ಲ ಟೆಂಡರಿನಲ್ಲೇ ಬರೆದಿರಬೇಕು.

ಕಡಿದ ಮರ ಮತ್ತೆ ಬೆಳೆದೀತು. ತೊಳೆದುಹೋದ ಮಣ್ಣು ನಮ್ಮ ಮೊಮ್ಮಕ್ಕಳ ಕಾಲಕ್ಕೂ ಹಿಂದಿರುಗದು.