ಚಪ್ಪಾಳೆ ವಯಸ್ಸಿಗೋ, ಸಂಗೀತಕ್ಕೋ?

ಐದಾರು ವರ್ಷದ ಮಗು ವೇದಿಕೆ ಹತ್ತಿ ಹಾಡಿದರೆ ಸಭೆಯೆಲ್ಲ ಚಪ್ಪಾಳೆ ತಟ್ಟುತ್ತದೆ. ಅಪ್ಪ ಅಮ್ಮಂದಿರ ಕಣ್ಣು ತುಂಬಿ ಬರುತ್ತದೆ. ಆದರೆ ಆ ಚಪ್ಪಾಳೆ ಹಾಡಿಗೆ ಬಿದ್ದದ್ದೋ, ವಯಸ್ಸಿಗೆ ಬಿದ್ದದ್ದೋ? ಇನ್ನೂರೈವತ್ತು ವರ್ಷಗಳಿಗೂ ಹಿಂದೆ ಯೂರೋಪಿನ ಜನ ಬಾಲಕ ಮೊಜಾರ್ಟನ ಸಂಗೀತವನ್ನು ಕೇಳಿದ ಬಗೆಯನ್ನು ನೋಡಿದರೆ ಈ ಪ್ರಶ್ನೆಯ ಮಹತ್ವ ತಿಳಿಯುತ್ತದೆ.

ವೋಲ್ಫ್‌ಗಾಂಗ್ ಮೊಜಾರ್ಟ್ ಹುಟ್ಟಿದ್ದು 1756ರ ಜನವರಿ 27ರಂದು, ಇಂದು ಆಸ್ಟ್ರಿಯಾಕ್ಕೆ ಸೇರಿರುವ ಸಾಲ್ಜ್‌ಬರ್ಗ್‌ನಲ್ಲಿ. ತಂದೆ ಲಿಯೊಪೋಲ್ಡ್ ಅಲ್ಲಿನ ಆರ್ಚ್‌ಬಿಷಪ್ಪರ ಆಸ್ಥಾನದಲ್ಲಿ ಪಿಟೀಲುವಾದಕ. ಮಗ ಹುಟ್ಟಿದ ವರ್ಷವೇ ಆತ ಬರೆದ ಪಿಟೀಲು ಪಾಠದ ಪುಸ್ತಕವೂ ಹೊರಬಂತು. ಅಂದರೆ ಹುಡುಗ ಬೆಳೆದದ್ದು ಒಳ್ಳೆಯ ಮೇಷ್ಟರ ಮನೆಯಲ್ಲಿ. ಅವನಿಗಿಂತ ನಾಲ್ಕೂವರೆ ವರ್ಷ ದೊಡ್ಡವಳಾದ ಅಕ್ಕ ನಾನರ್ಲ್‌ಗೆಂದು ತಂದೆ ಒಂದು ಪಾಠದ ಪುಸ್ತಕ ಮಾಡಿಕೊಟ್ಟಿದ್ದ. ಐದು ವರ್ಷದ ತಮ್ಮನ ಮೊದಲ ಪುಟ್ಟ ರಚನೆಗಳು ತಂದೆಯ ಕೈಬರಹದಲ್ಲಿ ದಾಖಲಾದದ್ದು ಅದೇ ಪುಸ್ತಕದಲ್ಲಿ.

1763ರಲ್ಲಿ ತಂದೆ ಮನೆಮಂದಿಯನ್ನೆಲ್ಲ ಕರೆದುಕೊಂಡು ಮೂರೂವರೆ ವರ್ಷಗಳ ಪ್ರವಾಸ ಹೊರಟ. ಫ್ರಾಂಕ್‌ಫರ್ಟ್‌ನಲ್ಲಿ ಆ ಮಕ್ಕಳ ಕಛೇರಿ ಕೇಳಿದವರಲ್ಲಿ ಹದಿನಾಲ್ಕರ ಹುಡುಗನೊಬ್ಬನಿದ್ದ. ಮುಂದೆ ಅವನೇ ಮಹಾಕವಿ ಗಯಟೆ. ಮುಪ್ಪಿನಲ್ಲಿ ಆ ದಿನವನ್ನು ನೆನೆದಾಗ ಗಯಟೆಯ ಕಣ್ಣಿಗೆ ಕಟ್ಟಿದ್ದು ವಿಗ್ಗು ತೊಟ್ಟು ಖಡ್ಗ ಸಿಕ್ಕಿಸಿಕೊಂಡಿದ್ದ ಪುಟ್ಟ ಮನುಷ್ಯನ ರೂಪ! ಜನ ನೋಡಲು ಬಂದಿದ್ದರು. ಕೇಳುವುದು ಆಮೇಲಿನ ಮಾತು.

ಲಂಡನ್ನಿನಲ್ಲಿ ಈ ಕುತೂಹಲದ ಬೆಲೆ ಎಷ್ಟೆಂಬುದು ಲೆಕ್ಕಕ್ಕೇ ಸಿಕ್ಕಿತು. ಮೊದಲು ಟಿಕೆಟ್ಟಿಗೆ ಅರ್ಧ ಗಿನಿ, ಎಂದರೆ ಹತ್ತೂವರೆ ಷಿಲಿಂಗ್. 1765ರಲ್ಲಿ ಅದು ಐದು ಷಿಲಿಂಗಿಗೆ, ಆಮೇಲೆ ಎರಡೂವರೆಗೆ ಇಳಿಯಿತು. ಪಿಯಾನೊದ ಅಕ್ಕನಂತಿರುವ ಹಾರ್ಪ್ಸಿಕಾರ್ಡಿನ ಮಣೆಗಳ ಮೇಲೆ ಬಟ್ಟೆ ಹೊದಿಸಿ ಮಕ್ಕಳು ನುಡಿಸುತ್ತಾರೆಂದು ಜಾಹೀರಾತು ಕೊಡಬೇಕಾಯಿತು. ಹುಡುಗ ಆ ಒಂದು ವರ್ಷದಲ್ಲಿ ಕಲಿತದ್ದು ಬಹಳ. ಆದರೂ ಬೆಲೆ ಇಳಿಯಿತು. ವಯಸ್ಸಿಗೆ ಬಿದ್ದ ಚಪ್ಪಾಳೆ ವಯಸ್ಸಿನ ಜೊತೆಗೇ ಕಳೆಯುತ್ತದೆ, ಅಲ್ಲವೇ?

ಅನುಮಾನಪಟ್ಟವರೂ ಇದ್ದರು. ಡೇನ್ಸ್ ಬ್ಯಾರಿಂಗ್ಟನ್ ಎಂಬ ವಿದ್ವಾಂಸ 1765ರಲ್ಲಿ ಹುಡುಗನನ್ನು ಖುದ್ದಾಗಿ ಪರೀಕ್ಷಿಸಿದ. ಹಿಂದೆಂದೂ ಕಾಣದ ಸ್ವರಲಿಪಿಯನ್ನು ಮುಂದಿಟ್ಟ. ಹುಡುಗ ತಡವರಿಸದೆ ನುಡಿಸಿದ. ಕೋಪದ ಹಾಡೊಂದನ್ನು ಅಲ್ಲೇ ಕಟ್ಟು ಎಂದ. ಹುಡುಗ ಆವೇಶ ಬಂದವನಂತೆ ವಾದ್ಯವನ್ನು ಬಡಿದ. ಅಷ್ಟರಲ್ಲಿ ಬೆಕ್ಕೊಂದು ಬಂತು. ಸಂಗೀತ ಬಿಟ್ಟು ಬೆಕ್ಕಿನ ಹಿಂದೆ ಹೋದವನನ್ನು ಮರಳಿ ಕರೆತರಲು ಬಹಳ ಹೊತ್ತು ಹಿಡಿಯಿತಂತೆ. ಬ್ಯಾರಿಂಗ್ಟನ್ ಸಾಲ್ಜ್‌ಬರ್ಗ್‌ನಿಂದ ಹುಡುಗನ ಜನ್ಮದಾಖಲೆ ತರಿಸಿ ನೋಡಿಯೇ ರಾಯಲ್ ಸೊಸೈಟಿಗೆ ವರದಿ ಒಪ್ಪಿಸಿದ. ಇಷ್ಟಾದರೂ ಅನುಮಾನ ತೀರಲಿಲ್ಲ. 1768ರಲ್ಲಿ ಹನ್ನೆರಡರ ಹುಡುಗ ವಿಯೆನ್ನಾಕ್ಕಾಗಿ ಒಂದು ಆಪೆರಾ ಬರೆದಾಗ, ಅದು ತಂದೆಯ ಕೈವಾಡವೆಂದು ಗುಲ್ಲೆದ್ದಿತು. ಆಪೆರಾ ಅಲ್ಲಿ ರಂಗವೇರಲೇ ಇಲ್ಲ.

ಹೆಸರು ಕಿವಿಯನ್ನು ಎಷ್ಟು ಆಳುತ್ತದೆಂಬುದಕ್ಕೆ ಇನ್ನೊಂದು ಸಂಗತಿ ಇದೆ. ಮೊಜಾರ್ಟನ ಮೂರನೆಯ ಸಿಂಫನಿ ಎಂದು ಬಹುಕಾಲ ಎಣಿಸಲಾಗಿದ್ದ ಕೃತಿ ಅವನದಲ್ಲ. ಕಾರ್ಲ್ ಫ್ರೀಡ್ರಿಖ್ ಆಬೆಲ್ ಎಂಬ ಹಿರಿಯ ಸಂಗೀತಗಾರನದು. ಕಲಿಯುವುದಕ್ಕಾಗಿ ಬಾಲಕ ಅದನ್ನು ನಕಲು ಮಾಡಿಕೊಂಡಿದ್ದ. ನಮ್ಮ ವಿದ್ಯಾರ್ಥಿಗಳು ಗಮನಿಸಬೇಕಾದ ಮಾತು ಇದು. ಅಸಾಮಾನ್ಯ ಹುಡುಗನೂ ಕಾಪಿ ಬರೆದೇ ಕಲಿತ.

ಹಾಗಾದರೆ ಅವನ ಸಂಗೀತವನ್ನು ಸಂಗೀತವಾಗಿಯೇ ಕೇಳಿದವರು ಯಾರು? ಲಂಡನ್ನಿನಲ್ಲಿದ್ದ ಯೊಹಾನ್ ಕ್ರಿಶ್ಚಿಯನ್ ಬಾಖ್ ಒಬ್ಬ. ಹುಡುಗನನ್ನು ತೊಡೆಯ ಮೇಲೆ ಕೂರಿಸಿಕೊಂಡು, ತಾನೊಂದಿಷ್ಟು ಅವನೊಂದಿಷ್ಟು ಸರದಿಯಂತೆ ನುಡಿಸಿದ. ಇನ್ನೊಬ್ಬಳು ಅಕ್ಕ ನಾನರ್ಲ್. 1764ರಲ್ಲಿ ತಂದೆ ಕಾಯಿಲೆ ಮಲಗಿದ್ದಾಗ ವಾದ್ಯ ಮುಟ್ಟುವಂತಿರಲಿಲ್ಲ. ಎಂಟರ ತಮ್ಮ ಸಿಂಫನಿ ಬರೆಯಲು ಕುಳಿತ, ಅಕ್ಕ ಪಕ್ಕದಲ್ಲಿ ಕುಳಿತು ಪ್ರತಿ ಮಾಡಿದಳು. ಕೊಂಬಿಗೆ ಒಳ್ಳೆಯ ಕೆಲಸ ಕೊಡುವುದನ್ನು ನೆನಪಿಸು ಎಂದು ತಮ್ಮ ಹೇಳಿದ್ದನ್ನು ಆಕೆ ಮುಂದೆ ಸ್ಮರಿಸಿದ್ದಾಳೆ.

ಆ ವರ್ಷದ ಅವನ ಮೊದಲ ಸಿಂಫನಿಯನ್ನು ಈಗಲೂ ಕೇಳಬಹುದು. ಬಹುಪಾಲು ಬಾಖ್‌ನ ಶೈಲಿಯ ಅನುಕರಣೆಯೇ. ಆದರೆ ನಿಧಾನಗತಿಯ ಎರಡನೆಯ ಭಾಗದಲ್ಲಿ ಕೊಂಬು ನಾಲ್ಕು ಸ್ವರಗಳ ಒಂದು ಎಳೆಯನ್ನು ಊದುತ್ತದೆ. 1788ರಲ್ಲಿ ಬರೆದ ಕೊನೆಯ ಸಿಂಫನಿ 'ಜ್ಯೂಪಿಟರ್'ನ ಕೊನೆಯ ಭಾಗ ಶುರುವಾಗುವುದು ಅಂಥದೇ ನಾಲ್ಕು ಸ್ವರಗಳ ಎಳೆಯಿಂದ. ಆ ಎರಡರ ನಡುವೆ ಇಪ್ಪತ್ತನಾಲ್ಕು ವರ್ಷಗಳ ದುಡಿಮೆ ಇದೆ.

ಅಕ್ಕನ ಕಥೆ ಬೇರೆ. ಅವಳೂ ತಮ್ಮನ ಜೊತೆ ಸಭೆಗಳನ್ನು ಗೆದ್ದವಳೇ. 1769ರ ಕೊನೆಗೆ ತಂದೆ ಇಟಲಿಗೆ ಕರೆದೊಯ್ದದ್ದು ಮಗನನ್ನು ಮಾತ್ರ. ಅವಳು ಕಟ್ಟಿದ ಒಂದು ಹಾಡನ್ನು 1770ರಲ್ಲಿ ತಮ್ಮ ಕಾಗದ ಬರೆದು ಹೊಗಳಿದ. ಆದರೆ ಅವಳ ಒಂದು ರಚನೆಯೂ ಇಂದು ಉಳಿದಿಲ್ಲ.

ತಂದೆತಾಯಿಯರಿಗೆ ಹೇಳಬೇಕಾದ್ದು ಇಷ್ಟೆ. ಮಗು ಹಾಡಿ ಮುಗಿಸಿದಾಗ 'ಇಷ್ಟು ಚಿಕ್ಕ ವಯಸ್ಸಿಗೇ!' ಎನ್ನುವವರು ಬೇಕಾದಷ್ಟು ಜನ ಇರುತ್ತಾರೆ. ನೀವು ಪಕ್ಕದಲ್ಲಿ ಕುಳಿತು, 'ಆ ಎರಡನೆಯ ಸಾಲನ್ನು ಇನ್ನೊಮ್ಮೆ ಹಾಡು, ನೋಡೋಣ' ಎನ್ನಿ. ಮಗಳಿಗೂ ಹಾಗೆಯೇ ಹೇಳಿ.