ಗಾಯ ಚಿಕ್ಕದಾದರೆ ಅಪಾಯವೂ ಚಿಕ್ಕದೇ?

‘ಸ್ಥಳೀಯ ಅರಿವಳಿಕೆಯಲ್ಲೇ ಶಂಟ್: ಇನ್ನು ಭಯವೇಕೆ?’ ಎಂಬ ಲೇಖನದ ಉತ್ಸಾಹ ಮೆಚ್ಚತಕ್ಕದ್ದೇ. ಹೃದಯ, ಶ್ವಾಸಕೋಶ ದುರ್ಬಲವಾದ ವೃದ್ಧರಿಗೆ ಗಾಯ ಚಿಕ್ಕದಾಗಿ ಪೂರ್ಣ ಅರಿವಳಿಕೆ ತಪ್ಪಿದರೆ ಉಪಕಾರವೇ. ಆದರೆ ಆ ಮಾತನ್ನು ಮೆದುಳಿನಲ್ಲಿ ದ್ರವ ತುಂಬಿಕೊಳ್ಳುವ ಹೈಡ್ರೊಸೆಫಾಲಸ್‌ನ ಎಲ್ಲ ರೋಗಿಗಳಿಗೂ ಅನ್ವಯಿಸುವುದು ತಪ್ಪು.

ಆ ದ್ರವ ಹರಿಸಲು ತಲೆಯಿಂದ ಹೊಟ್ಟೆಯವರೆಗೆ ಚರ್ಮದಡಿ ಶಂಟ್ ಎಂಬ ಕೊಳವೆ ತೂರಿಸುವುದು ಎಚ್ಚರವಿದ್ದವರಿಗೆ ಯಾತನೆ. ಸೊಂಟದಿಂದ ಹೊಟ್ಟೆಗೆ ಜೋಡಿಸುವ ಶಂಟ್ ಈ ದೂರವನ್ನು ಕಡಿಮೆ ಮಾಡುತ್ತದೆ, ನಿಜ. 2015ರಲ್ಲಿ ಪ್ರಕಟವಾದ ಜಪಾನಿನ ಅಧ್ಯಯನದಲ್ಲಿ, ಇಂಥ ಶಂಟ್ ಪಡೆದ ವೃದ್ಧರಲ್ಲಿ ಮೂರು ತಿಂಗಳಿಗೆ 65% ಮಂದಿ ಸುಧಾರಿಸಿದ್ದರು. ಶಂಟ್‌ಗಾಗಿ ಕಾಯುತ್ತಿದ್ದ ಗುಂಪಿನಲ್ಲಿ ಕೇವಲ 5%. ಆದರೆ ಅವರೆಲ್ಲ ದ್ರವದ ಒತ್ತಡ ಹೆಚ್ಚಿರದ ‘ನಾರ್ಮಲ್ ಪ್ರೆಶರ್’ ಬಗೆಯ ರೋಗಿಗಳು. ಗಡ್ಡೆಯಿಂದ ದ್ರವದ ದಾರಿ ಮುಚ್ಚಿದವರಲ್ಲಿ ಸೊಂಟದಿಂದ ದ್ರವ ಇಳಿಸಿದರೆ ಮೆದುಳು ಕೆಳಕ್ಕೆ ಜಗ್ಗಿ ಪ್ರಾಣವೇ ಹೋಗಬಹುದು. ಇನ್ನು ಹಸುಗೂಸನ್ನು ಅಲುಗಾಡದೆ ಮಲಗು ಎನ್ನಲಾದೀತೇ?

ಲೇಖಕರು ಮರೆತ ದೊಡ್ಡ ಮಾತು ಬೇರೆಯೇ. ಶಂಟ್‌ನ ನಿಜವಾದ ಕಾಟ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಮುಗಿಯುವುದಿಲ್ಲ: ಕೊಳವೆ ಕಟ್ಟಿಕೊಳ್ಳುತ್ತದೆ, ಸೋಂಕು ತಗಲುತ್ತದೆ, ದ್ರವ ಅತಿಯಾಗಿ ಹರಿದು ಮೆದುಳಿನ ಹೊರಗೆ ರಕ್ತ ಕಟ್ಟುತ್ತದೆ. ಇವಕ್ಕೆ ಅರಿವಳಿಕೆಯ ಆಯ್ಕೆ ಮದ್ದಲ್ಲ. 1605 ರೋಗಿಗಳ ಬ್ರಿಟನ್–ಐರ್ಲೆಂಡ್ ಅಧ್ಯಯನದಲ್ಲಿ (2019) ಸೋಂಕನ್ನು ಸುಮಾರು 6%ರಿಂದ 2%ಕ್ಕೆ ಇಳಿಸಿದ್ದು ಆಂಟಿಬಯಾಟಿಕ್ ಒಳಸೇರಿಸಿದ ಕೊಳವೆ.

ಆದ್ದರಿಂದ ರೋಗಿಯ ಮನೆಯವರು ವೈದ್ಯರನ್ನು ಕೇಳಬೇಕಾದದ್ದು ‘ಗಾಯ ಎಷ್ಟು ಉದ್ದ?’ ಎಂದಲ್ಲ. ರೋಗ ಯಾವ ಬಗೆಯದು, ‘ನಾರ್ಮಲ್ ಪ್ರೆಶರ್’ ಬಗೆಯಾದರೆ ಸ್ವಲ್ಪ ದ್ರವ ತೆಗೆದು ನೋಡಿದಾಗ ನಡಿಗೆ ಸುಧಾರಿಸಿತೇ, ಕೊಳವೆ ಕಟ್ಟಿಕೊಂಡ ರಾತ್ರಿ ಯಾರನ್ನು ಕರೆಯಬೇಕು — ಈ ಮೂರನ್ನು ಮೊದಲು ಕೇಳಲಿ.