ಗ್ರಂಥಾಲಯದ ಅಲಂಕಾರ ದುಂದುವೆಚ್ಚವೆ?

ವಿದ್ಯಾಸಂಸ್ಥೆಗಳ ಕಟ್ಟಡಗಳನ್ನು ಅಲಂಕರಿಸಲು ಹಣ ವ್ಯಯಮಾಡುವುದು ದುಂದುಗಾರಿಕೆಯೆಂದು ನಮ್ಮಲ್ಲಿ ಅನೇಕರು ಭಾವಿಸುತ್ತಾರೆ. ಪುಸ್ತಕಗಳಿಗೆ ಕಪಾಟು, ಓದುವವರಿಗೆ ಮೇಜು ಇದ್ದರೆ ಸಾಲದೆ ಎಂಬುದು ಅವರ ಪ್ರಶ್ನೆ. ಮುಂಬಯಿ ವಿಶ್ವವಿದ್ಯಾನಿಲಯದ ಹಳೆಯ ಗ್ರಂಥಾಲಯವನ್ನು ಗಮನವಿಟ್ಟು ನೋಡಿದವರು ಈ ಪ್ರಶ್ನೆಗೆ ಸುಲಭವಾಗಿ ಹೌದೆನ್ನಲಾರರು.

ಈ ಕಟ್ಟಡ ಕನ್ನಡಿಗರಿಗೆ ತೀರ ಪರಕೀಯವೂ ಅಲ್ಲ. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾನಿಲಯ ಸ್ಥಾಪಿತವಾಗುವವರೆಗೆ ಧಾರವಾಡದ ಕರ್ನಾಟಕ ಕಾಲೇಜು ಮುಂಬಯಿ ವಿಶ್ವವಿದ್ಯಾನಿಲಯಕ್ಕೇ ಸೇರಿತ್ತು.

ವರ್ತಕ ಪ್ರೇಮಚಂದ ರಾಯಚಂದರು ಗ್ರಂಥಾಲಯಕ್ಕೆ 2 ಲಕ್ಷ ರೂಪಾಯಿಗಳನ್ನೂ, ತಮ್ಮ ತಾಯಿ ರಾಜಾಬಾಯಿಯವರ ಹೆಸರಿನ ಗಡಿಯಾರದ ಗೋಪುರಕ್ಕೆ ಇನ್ನೂ 2 ಲಕ್ಷವನ್ನೂ ದಾನವಿತ್ತರು. ಇಂಗ್ಲೆಂಡಿನ ವಾಸ್ತುಶಿಲ್ಪಿ ಜಾರ್ಜ್ ಗಿಲ್ಬರ್ಟ್ ಸ್ಕಾಟ್ ನಕ್ಷೆಯನ್ನು ರಚಿಸಿದರು. 1869ರಲ್ಲಿ ಆರಂಭವಾದ ಕೆಲಸ 1878ರಲ್ಲಿ ಮುಗಿಯಿತು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಹತ್ತಿಯಿಂದ ಮುಂಬಯಿಗೆ ಹರಿದುಬಂದ ಐಶ್ವರ್ಯದ ಬಹುಭಾಗ 1865ರ ಕುಸಿತದಲ್ಲಿ ಕರಗಿಹೋಯಿತು. ಕಲ್ಲಾಗಿ ನಿಂತ ಭಾಗ ಇಂದಿಗೂ ಉಳಿದಿದೆ. 280 ಅಡಿ ಎತ್ತರದ ಗೋಪುರದ ಮೇಲೆ ಪಶ್ಚಿಮ ಭಾರತದ ವಿವಿಧ ಜನಸಮುದಾಯಗಳನ್ನು ಸೂಚಿಸುವ 24 ಶಿಲ್ಪಗಳಿವೆ.

ಇವೆಲ್ಲವೂ ಬರಿಯ ಶೋಭೆಗಾಗಿ ಎನ್ನುವುದು ಸರಿಯಲ್ಲ. ಚೂಪು ತುದಿಯ ಕಮಾನನ್ನೇ ಪರಿಶೀಲಿಸೋಣ. ಅಗಲವೂ ಭಾರವೂ ಒಂದೇ ಆಗಿದ್ದರೆ, ಕಮಾನು ಎತ್ತರವಾದಷ್ಟೂ ಅದು ಪಕ್ಕದ ಗೋಡೆಗಳನ್ನು ಹೊರಕ್ಕೆ ತಳ್ಳುವ ಬಲ ಕಡಿಮೆಯಾಗುತ್ತದೆ. ಆದುದರಿಂದ ಗೋಡೆಯಲ್ಲಿ ಎತ್ತರದ ಕಿಟಕಿಗಳನ್ನಿಡಲು ಅವಕಾಶ ದೊರೆಯುತ್ತದೆ. ಕಿಟಕಿ ಎತ್ತರವಾದಷ್ಟೂ ಆಕಾಶದ ಬೆಳಕು ಕೋಣೆಯ ಒಳಭಾಗದವರೆಗೆ ತಲಪುತ್ತದೆ. ಕಾದ ಗಾಳಿ ಹಗುರವಾಗಿ ಮೇಲೇರುವುದರಿಂದ, ಎತ್ತರದ ಮರದ ಚಾವಣಿಯ ಕೆಳಗೆ ಓದುವವರಿಗೆ ಸೆಕೆಯ ಬಾಧೆಯೂ ಕಡಿಮೆ.

ಬಣ್ಣದ ಗಾಜುಗಳಂತೂ ಭೌತವಿಜ್ಞಾನದ ಪಾಠವೇ ಸರಿ. ಕರಗಿದ ಗಾಜಿಗೆ ಕೋಬಾಲ್ಟಿನ ಆಕ್ಸೈಡನ್ನು ಅತ್ಯಲ್ಪ ಪ್ರಮಾಣದಲ್ಲಿ ಬೆರೆಸಿದರೆ ಗಾಢವಾದ ನೀಲಿ ಬರುತ್ತದೆ. ಚಿನ್ನದ ಅತಿಸೂಕ್ಷ್ಮ ಕಣಗಳು ಮಾಣಿಕ್ಯದ ಕೆಂಪನ್ನು ಕೊಡುತ್ತವೆ. ಇಂಥ ಗಾಜು ಬೆಳಕಿಗೆ ಬಣ್ಣವನ್ನು ಸೇರಿಸುವುದಿಲ್ಲ. ಬೆಳಕಿನಲ್ಲಿರುವ ಕೆಲವು ವರ್ಣಗಳನ್ನು ತಡೆದು ಉಳಿದವನ್ನು ಒಳಗೆ ಬಿಡುತ್ತದೆ. ಹೀಗೆ ಬಿಸಿಲಿನ ತೀಕ್ಷ್ಣತೆ ತಗ್ಗುತ್ತದೆ.

ಬಣ್ಣದ ಬೆಳಕಿನಲ್ಲಿ ಸಣ್ಣ ಅಕ್ಷರಗಳನ್ನು ಓದುವುದು ಪ್ರಯಾಸಕರವೆಂದು ಆಕ್ಷೇಪಿಸಬಹುದು. ಅದು ನಿಜ. ಕೆತ್ತನೆಯ ಕಲ್ಲಿಗೆ ತಗಲುವ ವೆಚ್ಚವನ್ನು ಇಂದು ಎಲ್ಲ ಕಾಲೇಜುಗಳೂ ಭರಿಸಲಾರವು. ಯೂರೋಪಿನ ಗಾಥಿಕ್ ಶೈಲಿಯನ್ನು ಇಲ್ಲಿ ಅನುಕರಿಸಬೇಕಾದ ಅಗತ್ಯವೂ ಇಲ್ಲ. ನಾವು ಹೇಳುವುದು ಅನುಕರಣೆಯ ಮಾತಲ್ಲ. ಎತ್ತರದ ಕಿಟಕಿ, ಗಾಳಿಯ ಸಂಚಾರ, ಕಣ್ಣಿಗೆ ಹಿತವಾದ ಬೆಳಕು ಇವನ್ನು ಅಲಂಕಾರದ ಲೆಕ್ಕಕ್ಕೆ ಸೇರಿಸಿ ಮೊದಲು ಕತ್ತರಿಸಿಹಾಕುವ ಮಿತವ್ಯಯ ತಪ್ಪೆಂಬುದೇ ನಮ್ಮ ವಾದ. ನಡುಹಗಲಿನಲ್ಲೂ ದೀಪ ಹಚ್ಚದೆ ಓದಲಾಗದ ಗ್ರಂಥಾಲಯವನ್ನು ಕಟ್ಟಿ, ಮುಂದೆ ವರ್ಷ ವರ್ಷವೂ ವಿದ್ಯುತ್ತಿಗೆ ಹಣ ತೆರುವುದು ಯಾವ ಉಳಿತಾಯ?

ಮುಂಬಯಿಯ ಈ ಕಟ್ಟಡದ ಜೀರ್ಣೋದ್ಧಾರ 2015ರಲ್ಲಿ ಮುಗಿಯಿತು. ಸುತ್ತಲಿನ ಕಟ್ಟಡಗಳೊಡನೆ ಅದು 2018ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ಜನರು ಯಾವುದನ್ನು ಪ್ರೀತಿಸುತ್ತಾರೋ ಅದನ್ನು ಉಳಿಸಿಕೊಳ್ಳುತ್ತಾರೆ. ನಾವು ಇಂದು ಕಟ್ಟುತ್ತಿರುವ ಗ್ರಂಥಾಲಯಗಳಲ್ಲಿ ನೂರು ವರ್ಷಗಳ ಅನಂತರ ದುರಸ್ತಿಗೆ ಯೋಗ್ಯವೆನಿಸುವವು ಎಷ್ಟಿರಬಹುದೆಂಬುದನ್ನು ಕಟ್ಟಡ ಸಮಿತಿಗಳು ನಕ್ಷೆಗೆ ಒಪ್ಪಿಗೆ ಕೊಡುವ ಮೊದಲೇ ಆಲೋಚಿಸುವುದು ಲೇಸು.